ಮನೆಬಾಗಿಲಿಗೆ ಬಂದ ಸೇವೆ: ಹಾಸನ ಸೀಮೆಯ ಸಮಾಜಸೇವೆ ಹಾಗೂ ಕುಟುಂಬ ಜೀವನದ ಒಂದು ಚಾರಿತ್ರಿಕ ನೋಟ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ದೇವಾಲಯದ ಅಸ್ತಿಭಾರ ಶಿಲೆಯನ್ನು ಇಟ್ಟವರು ಯಾರು, ಗಂಟೆಯನ್ನು ಎಲ್ಲಿಂದ ತರಿಸಲಾಯಿತು, ಯಾವ ಯಾವ ಗುರುಗಳು ಯಾವ ಯಾವ ವರ್ಷಗಳಲ್ಲಿ ಇಲ್ಲಿ ಸೇವೆ ಸಲ್ಲಿಸಿದರು ಎಂಬ ವಿವರಗಳನ್ನು ಕೊಡುವುದು ವಾಡಿಕೆ. ಅವು ಇರಬೇಕಾದುದೇ ಸರಿ. ಆದರೆ ಅದೇ ಗಂಟೆಯು ಸಂಜೆಯ ತ್ರಿಕಾಲ ಜಪಕ್ಕೆ ಮೊಳಗಿದಾಗ ಊರಿನ ಮನೆಗಳಲ್ಲಿ ಯಾರು ಯಾರು ಇದ್ದರು, ಯಾರು ಇನ್ನೂ ಹೊಲದಿಂದಲೋ ತೋಟದಿಂದಲೋ ಹಿಂದಿರುಗಿರಲಿಲ್ಲ ಎಂಬುದನ್ನು ಯಾವ ದಫ್ತರವೂ ಬರೆದಿಡುವುದಿಲ್ಲ. ಜ್ಞಾನಸ್ನಾನದ ದಫ್ತರದಲ್ಲಿ ಮಗುವಿನ ಹೆಸರಿದೆ. ವಿವಾಹದ ದಫ್ತರದಲ್ಲಿ ವಧೂವರರ ಹೆಸರಿದೆ. ಮರಣದ ದಫ್ತರದಲ್ಲಿ ಕೊನೆಯ ದಿನಾಂಕವಿದೆ. ಈ ಮೂರರ ನಡುವೆ ಆ ಮಂದಿ ಒಂದೇ ಸೂರಿನಡಿಯಲ್ಲಿ ಎಷ್ಟು ಹೊತ್ತು ಜೊತೆಯಾಗಿ ಕುಳಿತಿದ್ದರು ಎಂಬುದು ಚರಿತ್ರೆಯ ಕಣ್ಣಿಗೆ ಬೀಳದ ಸಂಗತಿ.

ಹಾಸನ ಸೀಮೆಯಲ್ಲಿ ಸುಮಾರು ಎರಡು ಶತಮಾನಗಳಿಂದ ಲಾಭದ ಅಪೇಕ್ಷೆಯಿಲ್ಲದೆ ನಡೆದು ಬಂದಿರುವ ಸಮಾಜಸೇವೆಯ ಕಥೆಯನ್ನು ಅನೇಕರು ಬರೆದಿದ್ದಾರೆ. ಶಾಲೆ, ಔಷಧಾಲಯ, ಅನಾಥಾಲಯ ಎಂದು ಕಟ್ಟಡಗಳ ಲೆಕ್ಕದಲ್ಲಿ ಅದನ್ನು ಹೇಳುವುದು ಸುಲಭ. ನಾನು ಆ ಕಥೆಯನ್ನು ಇನ್ನೊಂದು ಅಳತೆಗೋಲಿನಿಂದ ನೋಡಲು ಬಯಸುತ್ತೇನೆ. ಆ ಸೇವೆಯು ಮನೆಮಂದಿಯನ್ನು ಒಂದೆಡೆ ಕೂಡಿಸಿತೇ, ಇಲ್ಲವೇ ಸಹಾಯದ ನೆಪದಲ್ಲೇ ಅವರನ್ನು ಬೇರ್ಪಡಿಸಿತೇ? ಈ ಪ್ರಶ್ನೆಗೆ ಸಿಗುವ ಉತ್ತರ ಎಲ್ಲ ಕಡೆಯೂ ಒಂದೇ ಅಲ್ಲ.

ಕಥೆ ಆರಂಭವಾಗುವುದು ಅಬ್ಬೆ ದುಬ್ವಾ ಅವರಿಂದ. ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಗೆ ಸೇರಿದ ಈ ಫ್ರೆಂಚ್ ಗುರುಗಳು 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿ ಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಮತ್ತೆ ಒಟ್ಟುಗೂಡಿಸುವ ಕಾರ್ಯವನ್ನು ಕೈಗೊಂಡರು. ಈ ದೇಶದವರಂತೆಯೇ ಉಡುಗೆ ತೊಟ್ಟು, ಬಹುಕಾಲ ಮಾಂಸಾಹಾರವನ್ನೂ ತೊರೆದು ಜನರ ನಡುವೆ ಬಾಳಿದ ಅವರನ್ನು ಜನ 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಹಾಸನಕ್ಕೆ ಸಮೀಪದಲ್ಲಿ, ಹಳೆಯ ಬರಹಗಳಲ್ಲಿ 'ಸಾತಳ್ಳಿ' ಎಂದು ಕಾಣುವ ಸಾತಿಹಳ್ಳಿಯಲ್ಲಿ, ಅವರು ಬೇಸಾಯದ ನೆಲೆಯೊಂದನ್ನು ಸ್ಥಾಪಿಸಿದರು.

ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಯುದ್ಧದಿಂದ ನೊಂದು ಬಂದವರಿಗೆ ಧಾನ್ಯವನ್ನೋ ಬಟ್ಟೆಯನ್ನೋ ಹಂಚಿ ಕಳುಹಿಸಬಹುದಾಗಿತ್ತು. ಪಟ್ಟಣದಲ್ಲಿ ಛತ್ರವೊಂದನ್ನು ಕಟ್ಟಿಸಿ ದಿನಕ್ಕೊಂದು ಊಟ ಹಾಕಬಹುದಾಗಿತ್ತು. ಗುರುಗಳು ಹಾಗೆ ಮಾಡದೆ, ನೇಗಿಲು ಹಿಡಿಯುವ ನೆಲದ ಮೇಲೆ ಸಂಸಾರಗಳನ್ನು ನೆಲೆಗೊಳಿಸಿದರು. ದಂಡಿನ ಬೆನ್ನು ಹತ್ತಿದವನಿಗೆ ಹೆಂಡಿರು ಮಕ್ಕಳ ಮುಖ ಕಾಣುವುದು ವರ್ಷಕ್ಕೊಮ್ಮೆಯಾದರೆ ಅದೇ ಪುಣ್ಯ. ಹೊಲ ಗೇಯುವವನು ಹೊತ್ತು ಮುಳುಗುವುದರೊಳಗೆ ಮನೆಗೆ ಬಂದೇ ಬರುತ್ತಾನೆ, ಏಕೆಂದರೆ ಎತ್ತುಗಳಿಗೆ ಹುಲ್ಲು ಹಾಕಬೇಕು. ಬೇಸಾಯದ ನೆಲೆ ಎಂದರೆ ಅನ್ನದ ನೆಲೆ ಮಾತ್ರವಲ್ಲ. ಒಂದೇ ಒಲೆಯ ಮುಂದೆ ಎಲ್ಲರೂ ಕುಳಿತು ಮುದ್ದೆ ಮುರಿಯುವ ಸಂಜೆಯ ನೆಲೆಯೂ ಹೌದು. ದೊಡ್ಡ ಸ್ವಾಮಿಯವರು ಇದನ್ನೇ ಉದ್ದೇಶಿಸಿದ್ದರೆಂದು ನಾನು ಸಾಧಿಸಹೊರಟಿಲ್ಲ. ಅವರ ಯೋಜನೆಯ ಫಲ ಅದಾಗಿತ್ತು ಎಂದಷ್ಟೇ ಹೇಳುತ್ತೇನೆ.

ಬೇಸಾಯದ ಬದುಕಿಗೆ ವಿರಾಮದ ಲೆಕ್ಕವೂ ಇತ್ತು. ಮೈಸೂರು ಸೀಮೆಯ ರೈತರು ಸೋಮವಾರ ಬಸವನ ದಿನವೆಂದು ಎತ್ತುಗಳ ಹೆಗಲಿಗೆ ನೊಗ ಹೂಡುತ್ತಿರಲಿಲ್ಲ. ಕ್ರೈಸ್ತ ರೈತನಿಗೆ ಭಾನುವಾರ ಪೂಜೆಯ ದಿನ, ವಿಶ್ರಾಂತಿಯ ದಿನ. ಭಾನುವಾರ ತಮಗಾಗಿ, ಸೋಮವಾರ ನೆರೆಯವರ ಮನಸ್ಸು ನೋಯದಿರಲೆಂದು ನೇಗಿಲು ಮುಟ್ಟದ ಹಿರಿಯರು ನಮ್ಮ ಕಡೆ ಇದ್ದರು. ಕ್ರೈಸ್ತರ ಮನೆಯ ಎತ್ತುಗಳಿಗೆ ವಾರಕ್ಕೆರಡು ದಿನ ರಜೆ ಎಂದು ನೆಂಟರು ನಗೆಯಾಡುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ದುಬ್ವಾ ಅವರ ಇನ್ನೊಂದು ಸೇವೆ ಸಿಡುಬಿನ ವಿರುದ್ಧ ನಡೆದುದು. ಭಾರತದಲ್ಲಿ ಗೋಸಿಡುಬಿನ ಲಸಿಕೆ ಮೊದಲು ಫಲಿಸಿದುದು ಮುಂಬಯಿಯಲ್ಲಿ, 1802ರ ಜೂನ್ 14ರಂದು, ಮೂರು ವರ್ಷದ ಬಾಲೆಯೊಬ್ಬಳ ತೋಳಿನ ಮೇಲೆ. ಮರುವರ್ಷವೇ ಈ ಗುರುಗಳು ಮೈಸೂರು ಸೀಮೆಯಲ್ಲಿ ಆ ಕೆಲಸಕ್ಕಿಳಿದರು. 1803ರ ಸೆಪ್ಟೆಂಬರಿನಿಂದ 1804ರ ಏಪ್ರಿಲ್‌ವರೆಗಿನ ಎಂಟು ತಿಂಗಳಲ್ಲಿ ಲಸಿಕೆ ಹಾಕಿಸಿಕೊಂಡು ಪಟ್ಟಿಯಲ್ಲಿ ಹೆಸರು ದಾಖಲಾದವರ ಸಂಖ್ಯೆ 25,432. ದಿನವೊಂದಕ್ಕೆ ಸರಾಸರಿ ನೂರಕ್ಕೂ ಮಿಗಿಲು! ಬಸ್ಸಿಲ್ಲದ, ಡಾಮರು ರಸ್ತೆಯಿಲ್ಲದ, ಪತ್ರಿಕೆಯ ಪ್ರಚಾರವಿಲ್ಲದ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು?

ಅಂದಿನ ವಿಧಾನವನ್ನು ತಿಳಿದರೆ ಉತ್ತರದ ಜಾಡು ಸಿಗುತ್ತದೆ. ಆಗ ಲಸಿಕೆಯನ್ನು ಸೀಸೆಯಲ್ಲಿ ಕಾಪಾಡಿ ಇಡುವ ಅನುಕೂಲವಿರಲಿಲ್ಲ. ಒಂದು ಮಗುವಿನ ತೋಳಿಗೆ ಹಾಕಿದ ಲಸಿಕೆ ಸುಮಾರು ಎಂಟನೆಯ ದಿನಕ್ಕೆ ಗುಳ್ಳೆಯಾಗಿ ಹಣ್ಣಾಗುತ್ತಿತ್ತು. ಆ ಗುಳ್ಳೆಯ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕಬೇಕು. ಆ ಮಗುವಿನಿಂದ ಮುಂದಿನ ಮಗುವಿಗೆ. ತೋಳಿನಿಂದ ತೋಳಿಗೆ ಸಾಗುವ ಈ ಸರಪಳಿ ಒಮ್ಮೆ ಕಡಿದರೆ ಊರಿಗೆ ಊರೇ ಮತ್ತೆ ಬರಿಗೈಯಾಗುತ್ತಿತ್ತು. ಎಂದರೆ, ಲಸಿಕೆ ಹಾಕಿದವನು ಎಂಟು ದಿನ ಬಿಟ್ಟು ಅದೇ ಮನೆಗೆ ಮರಳಿ ಹೋಗಲೇಬೇಕು. ಆ ದಿನ ತಾಯಿ ಮಗುವನ್ನು ಎತ್ತಿಕೊಂಡು ಮನೆಯಲ್ಲಿರಬೇಕು. ತನ್ನ ಕೂಸಿನ ತೋಳನ್ನು ಮತ್ತೊಬ್ಬರ ಕೂಸಿಗಾಗಿ ಮುಂದೆ ಚಾಚಲು ಅವಳು ಒಪ್ಪಬೇಕು. ಸಿಡುಬನ್ನು 'ಅಮ್ಮ' ಎಂದು ಭಕ್ತಿಭಯದಿಂದ ಕರೆಯುತ್ತಿದ್ದ ನಾಡಿನಲ್ಲಿ ಈ ಒಪ್ಪಿಗೆಯನ್ನು ಸರ್ಕಾರದ ಅಪ್ಪಣೆಯೊಂದರಿಂದಲೇ ಪಡೆಯುವುದು ಕಷ್ಟಸಾಧ್ಯ. ಮನೆಯ ಜಗಲಿಯ ಮೇಲೆ ಕುಳಿತು, ಮನೆಯ ಹಿರಿಯರೊಡನೆ ಮಾತನಾಡಿ, ಮತ್ತೆ ಬರುತ್ತೇನೆಂದು ಹೇಳಿ, ಹೇಳಿದ ದಿನ ಬಂದವರಿಗೆ ಅದು ದೊರೆಯುವಂಥದು. ಹೀಗೆ ಮರಳಿ ಬರುವ ಸೇವೆಗೂ ಒಮ್ಮೆ ಬಂದು ಹೋಗುವ ಸೇವೆಗೂ ಇರುವ ಅಂತರವನ್ನು ಇಂದಿಗೂ ನಮ್ಮ ಹಳ್ಳಿಗಳು ಚೆನ್ನಾಗಿ ಬಲ್ಲವು.

ವಿಚಿತ್ರವೆಂದರೆ, 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಈ ಗುರುಗಳು ನಿರಾಶರಾಗಿದ್ದರು. ಈ ದೇಶದಲ್ಲಿ ಧರ್ಮಪ್ರಚಾರ ಫಲಿಸುವ ಸೂಚನೆಯಿಲ್ಲವೆಂಬ ಅಭಿಪ್ರಾಯವನ್ನು ಅದೇ ವರ್ಷ ಅಚ್ಚಾದ ತಮ್ಮ ಪತ್ರಗಳ ಸಂಪುಟದಲ್ಲಿ ಬಹಿರಂಗವಾಗಿಯೇ ಪ್ರಕಟಿಸಿದರು. ಅದಕ್ಕಾಗಿ ಇತರ ಮಿಷನರಿಗಳ ಟೀಕೆಗೂ ಗುರಿಯಾದರು. 1848ರಲ್ಲಿ ಅವರು ತೀರಿಕೊಂಡರು. ಅವರು ನೆಲೆಗೊಳಿಸಿದ ಊರಿನ ಸಂಸಾರಗಳು ಮಾತ್ರ ಅವರ ನಿರಾಶೆಯನ್ನು ಓದದೆಯೇ ಮುಂದುವರಿದವು.

ಮುಂದಿನ ಕಹಿ ಅಧ್ಯಾಯ ಬರಗಾಲದ್ದು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಪತ್ತನ್ನು ಜನಗಣತಿಯ ಎರಡು ಅಂಕಿಗಳೇ ಹೇಳುತ್ತವೆ: 1871ರಲ್ಲಿ 50,55,412 ಮಂದಿ, 1881ರಲ್ಲಿ 41,86,188 ಮಂದಿ. ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ. ಮಣ್ಣಿನ ಕೆಲಸ, ರೈಲು ಹಾದಿಯ ಕೆಲಸ, ಗಂಜಿ ಕೇಂದ್ರ ಎಲ್ಲವೂ ನಡೆದವು. ಆದರೆ ಆ ವ್ಯವಸ್ಥೆಯ ಸ್ವರೂಪವೇ ಸಂಸಾರವನ್ನು ಒಡೆಯುವಂತಿತ್ತು. ಕೈಲಾಗುವ ಗಂಡಸು ದೂರದ ಕಾಮಗಾರಿಗೆ. ಕೈಲಾಗದ ಮುದುಕರೂ ಮಕ್ಕಳೂ ಗಂಜಿ ಕೇಂದ್ರಕ್ಕೆ. ಒಂದು ಹಿಡಿ ಅನ್ನಕ್ಕಾಗಿ ಮನೆಯ ಬಾಗಿಲು ಮುಚ್ಚಿ ಹೊರಟವರು ಮತ್ತೆ ಅದೇ ಬಾಗಿಲಲ್ಲಿ ಕೂಡಿಕೊಂಡರೆಂಬ ಖಾತರಿಯಿರಲಿಲ್ಲ. ಗುಂಪು ಕೂಡಿದ ಕಡೆ ರೋಗರುಜಿನ ಹಬ್ಬಿತು. ತಬ್ಬಲಿಗಳಾದ ಮಕ್ಕಳನ್ನು ಮಿಷನ್ನಿನ ಅನಾಥಾಲಯಗಳು ಸಾಕಿದವು. ಅದು ದೊಡ್ಡ ಉಪಕಾರವೇ. ಆದರೂ ಅನಾಥಾಲಯದ ಊಟದ ಪಂಕ್ತಿಯಲ್ಲಿ ಕುಳಿತ ಮಗುವಿಗೆ ಪಕ್ಕದಲ್ಲಿ ಕುಳಿತವನು ಯಾರ ಮಗನೆಂದು ತಿಳಿಯದು.

ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರ ವರದಿಯಲ್ಲಿ, ದುಡಿಯಲಾರದವರಿಗೆ ಅವರವರ ಹಳ್ಳಿಯಲ್ಲೇ ನೆರವು ಒದಗಿಸುವುದು ಮೇಲೆಂದು ಹೇಳಿತು. ಮನೆಯಿಂದ ಎಬ್ಬಿಸದೆ ಸಹಾಯ ಮಾಡಬೇಕು ಎಂಬ ಈ ಸರಳ ವಿವೇಕಕ್ಕೆ ತೆತ್ತ ಬೆಲೆಯನ್ನು ಮೇಲಿನ ಎರಡು ಅಂಕಿಗಳ ವ್ಯತ್ಯಾಸದಲ್ಲಿ ಓದಿಕೊಳ್ಳಬಹುದು.

ಅದೇ ವಿವೇಕವನ್ನು ಪ್ಯಾರಿಸ್ ನಗರದ ಕೆಲವು ವಿದ್ಯಾರ್ಥಿಗಳು ಅದಕ್ಕೂ ಎಷ್ಟೋ ಮೊದಲೇ ಕಂಡುಕೊಂಡಿದ್ದರು. 1833ರಲ್ಲಿ ಇಪ್ಪತ್ತು ವರ್ಷದ ಫ್ರೆಡರಿಕ್ ಓಜಾನಾಂ ತನ್ನ ಗೆಳೆಯರೊಡನೆ ಆರಂಭಿಸಿದ ಸಂತ ವಿನ್ಸೆಂಟ್ ಡಿ ಪೌಲರ ಸಭೆಯು ಮೂವತ್ತು ವರ್ಷಗಳೊಳಗೆ ಭಾರತಕ್ಕೂ ಬಂದಿತು. ನಮ್ಮ ಧರ್ಮಕೇಂದ್ರಗಳಿಗೆ ಅದು ಚಿರಪರಿಚಿತ. ಆ ಸಭೆಯ ಜೀವಾಳ ಹಣದ ಹಂಚಿಕೆಯಲ್ಲ, ಮನೆಭೇಟಿ. ಸದಸ್ಯರು ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗಿ ಕುಳಿತು ಮಾತನಾಡಬೇಕು. ಬಡವನು ಕೈಚಾಚಿ ಕಚೇರಿಯ ಮುಂದೆ ಸಾಲಿನಲ್ಲಿ ನಿಲ್ಲಬಾರದು. ಓಜಾನಾಂ ಸ್ವತಃ ಸಂಸಾರಸ್ಥರು. 1841ರಲ್ಲಿ ವಿವಾಹವಾಗಿ, ಒಬ್ಬಳು ಮಗಳನ್ನು ಪಡೆದು, ನಲವತ್ತೇ ವರ್ಷ ಬದುಕಿ 1853ರಲ್ಲಿ ಕಣ್ಮುಚ್ಚಿದರು. 1997ರಲ್ಲಿ ಅವರಿಗೆ ಪುನೀತ ಪದವಿ ದೊರೆತಾಗ, ಗುರುವಾಗದೆ ಗೃಹಸ್ಥನಾಗಿಯೇ ಈ ಪದವಿಗೇರಿದರೆಂದು ಸಂತೋಷಪಟ್ಟವರು ಅನೇಕರು.

ನಮ್ಮ ತಂದೆಯವರು ಈ ಸಭೆಯಲ್ಲಿ ಬಹುಕಾಲ ಸದಸ್ಯರಾಗಿದ್ದರು. ಭಾನುವಾರ ಪೂಜೆ ಮುಗಿದೊಡನೆ ಜೊತೆಗಾರರೊಬ್ಬರನ್ನು ಕೂಡಿಕೊಂಡು, ಕೈಚೀಲದಲ್ಲಿ ಅಕ್ಕಿ ರಾಗಿ ಹಾಕಿಕೊಂಡು ಹೊರಟರೆ ಮನೆಗೆ ಬರುವಾಗ ಇಳಿಹೊತ್ತು. ಕೇರಿಯ ಎಲ್ಲ ಮಕ್ಕಳ ಹೆಸರೂ ಅವರಿಗೆ ಬಾಯಿಪಾಠ. ಒಂದು ಭಾನುವಾರ ನಮ್ಮ ತಾಯಿ ಮುಚ್ಚಿಟ್ಟಿದ್ದ ತಟ್ಟೆಯನ್ನು ಅವರ ಮುಂದಿಡುತ್ತ, "ಊರ ಮನೆಗಳಿಗೆಲ್ಲ ಹೋಗಿ ಬಂದ್ರಿ. ನಮ್ಮ ಮನೆ ಭೇಟಿ ಯಾವ ವಾರಕ್ಕೆ ಇಟ್ಕೊಂಡಿದ್ದೀರಿ?" ಎಂದರು. ತಂದೆಯವರು ಉತ್ತರ ಕೊಡಲಿಲ್ಲ. ಮುಂದಿನ ವಾರದಿಂದ ನನ್ನನ್ನೂ ತಂಗಿಯನ್ನೂ ಜೊತೆಗೆ ಕರೆದೊಯ್ಯತೊಡಗಿದರು. ಬಡತನವೆಂದರೆ ಏನೆಂದು ನಾನು ಕಲಿತುದು ಹಾಗೆ. ತಂದೆಯ ಜೊತೆ ನಡೆದುಕೊಂಡು ಹೋಗುವುದರ ಸುಖವನ್ನು ಕಲಿತುದೂ ಹಾಗೆಯೇ. ತಾಯಿಯವರ ಪಾಲಿಗೆ ಮಾತ್ರ ಭಾನುವಾರದ ಮನೆ ಮೊದಲಿಗಿಂತಲೂ ಬರಿದಾಯಿತೆಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಜಿಲ್ಲೆಯ ಪಶ್ಚಿಮ ಭಾಗಕ್ಕೆ ಹೋದರೆ ಪ್ರಶ್ನೆಯ ರೂಪ ಬೇರೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ತೋಟಗಳಲ್ಲಿ ಗಂಡಹೆಂಡಿರಿಬ್ಬರೂ ಕೂಲಿ. ಲೈನು ಮನೆಯಲ್ಲಿ ವಾಸ. ಹಣ್ಣು ಕೊಯ್ಯುವ ಕಾಲದಲ್ಲಿ ಬೆಳಗಾಗುತ್ತಲೇ ತೋಟಕ್ಕೆ ಹೋದರೆ ಕೂಸಿನ ಗತಿಯೇನು? ಮರದ ಕೊಂಬೆಗೆ ಸೀರೆಯ ತೊಟ್ಟಿಲು ಕಟ್ಟಿ, ನಾಲ್ಕಾರು ವರ್ಷದ ಅಕ್ಕನನ್ನು ಕಾವಲಿಗೆ ಕೂರಿಸುವುದು ಒಂದು ದಾರಿ. ಆ ಅಕ್ಕನಿಗೆ ಶಾಲೆ ತಪ್ಪಿತು. ಕಾರ್ಮಿಕನ ಕೂಲಿಯಿಂದ ಹೆಂಡತಿ ಮಕ್ಕಳ ಜೀವನ ಸಾಗಬೇಕು, ವಾರದ ವಿಶ್ರಾಂತಿ ಅವನ ಹಕ್ಕು ಎಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲೇ ತಮ್ಮ ವಿಶ್ವಪತ್ರದಲ್ಲಿ ಸಾರಿದ್ದರು. ಆ ಮಾತು ನಮ್ಮ ಮಲೆನಾಡಿನ ತೋಟಗಳಿಗೆ ಕಾನೂನಿನ ರೂಪದಲ್ಲಿ ಬರಲು 1951ರ ತೋಟ ಕಾರ್ಮಿಕರ ಕಾಯಿದೆಯವರೆಗೆ ಕಾಯಬೇಕಾಯಿತು. ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಗೃಹವಿರಬೇಕು, ಏಳು ದಿನಕ್ಕೊಮ್ಮೆ ಬಿಡುವಿರಬೇಕು ಎಂದು ಆ ಕಾಯಿದೆ ವಿಧಿಸಿತು. ವಾರಕ್ಕೆ 54 ಗಂಟೆಗಳೆಂದಿದ್ದ ದುಡಿಮೆಯ ಮಿತಿಯನ್ನು 1981ರ ತಿದ್ದುಪಡಿ 48ಕ್ಕೆ ಇಳಿಸಿತು. ವಾರಕ್ಕೆ ಆರು ಗಂಟೆ! ಪುಸ್ತಕದಲ್ಲಿ ಸಣ್ಣ ಅಂಕಿ. ಲೈನು ಮನೆಯ ತಾಯಿಗೆ ದಿನಕ್ಕೊಂದು ಗಂಟೆ ಮೊದಲು ಒಲೆ ಹಚ್ಚುವ ಅವಕಾಶ.

ಬಿಡುವು ಸಿಕ್ಕ ಮಾತ್ರಕ್ಕೆ ಸಂಸಾರ ಕೂಡಿತೆಂದಲ್ಲ. ಬಟವಾಡೆಯ ದಿನ, ಸಂತೆಯ ದಿನ, ಸಾರಾಯಿ ಅಂಗಡಿಯ ದಿನ ಮೂರೂ ಒಂದೇ ಆದಲ್ಲಿ ರಜೆಯ ದಿನವೇ ಮನೆಯಲ್ಲಿ ಅಳು ಹೆಚ್ಚು. ತೋಟಗಳಿಗೆ ಹೋಗಿ ಸೇವೆ ಮಾಡಿದ ಧರ್ಮಭಗಿನಿಯರಿಗೂ ಉಪದೇಶಿಗಳಿಗೂ ಇದು ಗೊತ್ತಿದ್ದ ಸಂಗತಿ. ಇತ್ತ 2023ರಲ್ಲಿ ಕರ್ನಾಟಕ ಸರ್ಕಾರವು ಗ್ರಾಮ ಪಂಚಾಯಿತಿಗಳಲ್ಲಿ ಕೂಲಿ ಹೆಂಗಸರ ಮಕ್ಕಳಿಗಾಗಿ 'ಕೂಸಿನ ಮನೆ' ಎಂಬ ಯೋಜನೆಯನ್ನು ಪ್ರಕಟಿಸಿತು. ನಾಲ್ಕು ಸಾವಿರ ಪಂಚಾಯಿತಿಗಳಲ್ಲಿ ತೆರೆಯುವ ಗುರಿ. ಹೆಸರು ಅಚ್ಚ ಕನ್ನಡದ್ದು, ಸೊಗಸಾದದ್ದು. ಮರಕ್ಕೆ ಕಟ್ಟಿದ ಸೀರೆಯ ತೊಟ್ಟಿಲಿನಿಂದ ಕೂಸು ಈ ಮನೆಗೆ ಬರಲು ಎಷ್ಟು ಕಾಲ ಹಿಡಿಯಿತೆಂದು ನೆನೆದರೆ ಆ ಸೊಗಸು ಸ್ವಲ್ಪ ಕಹಿಯಾಗುತ್ತದೆ.

ಇನ್ನು ಶೆಟ್ಟಿಹಳ್ಳಿಯ ಮಾತು. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಅಲ್ಲಿಯ ಜಪಮಾಲೆ ಮಾತೆಯ ದೇವಾಲಯವನ್ನು ಕಾಣದ ಹಾಸನದವರು ವಿರಳ. ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಕಟ್ಟಿ 1979ರಲ್ಲಿ ಕೆಲಸ ಪೂರ್ಣಗೊಂಡಿತು. ಹಾಸನ, ಮಂಡ್ಯ, ತುಮಕೂರು ಸೀಮೆಗಳ ಹೊಲಗಳಿಗೆ ನೀರು ದೊರೆಯಿತು. ಶೆಟ್ಟಿಹಳ್ಳಿಯೂ ಸುತ್ತಿನ ಹಳ್ಳಿಗಳೂ ನೀರಿನ ಪಾಲಾದವು. 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರಚಿತವಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಹಾಸನ ಜಿಲ್ಲೆಯೂ ಸೇರಿತ್ತು. ಹೊಸ ಧರ್ಮಪ್ರಾಂತ್ಯದ ಮೊದಲ ವರ್ಷಗಳ ಭಾರಗಳಲ್ಲಿ ಈ ಸ್ಥಳಾಂತರವೂ ಒಂದು. ನೆಲಕ್ಕೆ, ಮನೆಗೆ, ಮರಕ್ಕೆ ಬೆಲೆ ಕಟ್ಟಬಹುದು. ಸಂಜೆ ಗಂಟೆ ಮೊಳಗಿದಾಗ ಎದುರು ಜಗಲಿಯಲ್ಲಿ ಕಾಣುತ್ತಿದ್ದ ದೊಡ್ಡಪ್ಪನ ಮುಖಕ್ಕೆ ಬೆಲೆ ಯಾವ ಪಟ್ಟಿಯಲ್ಲಿದೆ? ಊರು ಬಿಟ್ಟ ಸಂಸಾರಗಳು ಬೇರೆ ಬೇರೆ ಕಡೆ ಮನೆ ಕಟ್ಟಿಕೊಂಡವು. ಮನೆಗಳು ಒಡೆಯಲಿಲ್ಲ, ಮನೆಗಳ ನಡುವಿನ ನಂಟು ದೂರವಾಯಿತು.

ಸ್ವಾತಂತ್ರ್ಯಾನಂತರದ ಸೇವಾಕಾರ್ಯಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಅವು ಬಹುಮಂದಿಗೆ ತಿಳಿದವೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕಕ್ಕೆ ಬಂದ ಮೊದಲನೆಯದು ಟಿ. ನರಸೀಪುರದಲ್ಲಿ. ಅಲ್ಲಿಂದ ಅಂಗನವಾಡಿ ನಮ್ಮ ಊರುಗಳಿಗೂ ಬಂತು. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡ ಸಂಸ್ಥೆಯು 1980ರ ದಶಕದಲ್ಲಿ ಹಳ್ಳಿಯವರ ಸಣ್ಣ ಉಳಿತಾಯ ಸಂಘಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಬ್ಯಾಂಕು ಅಂಥ ಸಂಘಗಳಿಗೆ ಸಾಲದ ಬಾಗಿಲು ತೆರೆಯಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದಿತು. ಧರ್ಮಕೇಂದ್ರಗಳೂ ಇದೇ ಜಾಡಿನಲ್ಲಿ ಸಂಘಗಳನ್ನು ಕಟ್ಟಿದವು. ಹೆಂಗಸರ ಕೈಗೆ ನಾಲ್ಕು ಕಾಸು ಬಂದುದು ಸತ್ಯ, ಬಡ್ಡಿ ಸಾಲದ ಕುಣಿಕೆ ಸಡಿಲವಾದುದೂ ಸತ್ಯ.

ಆದರೆ ಸಭೆ ಸೇರುವ ಹೊತ್ತು ಯಾವುದು? ಈ ಪ್ರಶ್ನೆಯನ್ನು ಯೋಜನೆ ಬರೆಯುವವರು ಕೇಳುವುದು ಕಡಮೆ. ಸಾಕ್ಷರತಾ ಆಂದೋಲನದ ಕಾಲದಲ್ಲಿ ನಾನು ರಾತ್ರಿ ಏಳರಿಂದ ಒಂಬತ್ತರವರೆಗೆ ಪಾಠ ಹೇಳುತ್ತಿದ್ದೆ. ಹೆಂಗಸರು ಬರುತ್ತಿರಲಿಲ್ಲ. ಆಸಕ್ತಿಯಿಲ್ಲವೆಂದು ನಾನು ವರದಿ ಬರೆದೆ. ಅಜ್ಜಿಯೊಬ್ಬರು ನಕ್ಕು, "ಮೇಷ್ಟ್ರೇ, ಆ ಹೊತ್ತಿಗೆ ನಿಮ್ಮ ಮನೇಲಿ ಸಾರು ಕಾಯಿಸೋರು ಯಾರು?" ಎಂದು ಕೇಳಿದರು. ಪಾಠವನ್ನು ಮಧ್ಯಾಹ್ನದ ಊಟವಾದ ಮೇಲಿನ ಹೊತ್ತಿಗೆ ಬದಲಿಸಿದೆವು, ಹಲಗೆಯ ಮುಂದೆ ಜಾಗ ಸಾಲದಾಯಿತು. ಆ ರಾತ್ರಿಪಾಠದ ತಿಂಗಳುಗಳಲ್ಲಿ ನನ್ನ ಮಗನ ಶಾಲೆಯ ಪಾಠವನ್ನು ನೋಡಿದವರು ಪಕ್ಕದ ಮನೆಯವರು. ಊರಿಗೆ ಅಕ್ಷರ ಕಲಿಸಲು ಹೊರಟವನಿಗೆ ತನ್ನ ಮಗ ಯಾವ ಪುಟದಲ್ಲಿದ್ದಾನೆಂಬುದು ತಿಳಿದಿರಲಿಲ್ಲ. ಇದನ್ನು ಹೇಳಿಕೊಳ್ಳಲು ಸಂಕೋಚವಿದೆ. ಆದರೆ ಚರಿತ್ರೆ ಬರೆಯಹೊರಟವನು ತನ್ನ ಮನೆಯನ್ನು ಬಿಟ್ಟು ಬರೆಯುವುದು ನ್ಯಾಯವಲ್ಲ.

ಈಗ ಆ ಮಗನೂ ಬೆಂಗಳೂರಿನಲ್ಲಿದ್ದಾನೆ. 2017ರ ಮಾರ್ಚ್‌ನಲ್ಲಿ ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣದ ಮಾರ್ಗವಾಗಿ ಬೆಂಗಳೂರಿಗೆ ನೇರ ರೈಲು ಹಾದಿ ತೆರೆದ ಮೇಲೆ ಶನಿವಾರ ಬಂದು ಭಾನುವಾರ ಹಿಂದಿರುಗುವ ಮಕ್ಕಳು ಜಿಲ್ಲೆಯಲ್ಲಿ ಹೆಚ್ಚಿದ್ದಾರೆ. ದೊಡ್ಡ ಸ್ವಾಮಿಯವರ ಕಾಲದ ರೈತ ದಿನವೂ ಸಂಜೆ ಮನೆಗೆ ಬರುತ್ತಿದ್ದ. ಇವರದು ವಾರಕ್ಕೊಂದೇ ಸಂಜೆ. ಆ ಒಂದು ಸಂಜೆಗೂ ಯುವಜನರ ಕೂಟ, ಗಾನವೃಂದದ ಅಭ್ಯಾಸ, ರಕ್ತದಾನ ಶಿಬಿರದ ಸಿದ್ಧತೆ ಎಂದು ಕರೆ ಹೋಗುತ್ತದೆ. ಶತಮಾನೋತ್ಸವದ ಸಮಿತಿಯ ಸಭೆಗಳನ್ನೂ ನಾವು ಶನಿವಾರ ಸಂಜೆಗೇ ಇಟ್ಟುಕೊಂಡಿದ್ದೆವು. ಎರಡು ಮೂರು ಸಭೆಗಳಾದ ಮೇಲೆ ತಾಯಂದಿರ ಕಡೆಯಿಂದ ಆಕ್ಷೇಪಣೆ ಬಂತು. ಚರ್ಚೆ ಸ್ವಲ್ಪ ಬಿಸಿಯಾಗಿಯೇ ನಡೆಯಿತು. ಕೊನೆಗೆ ಸಭೆಯನ್ನು ಭಾನುವಾರ ಪೂಜೆಯಾದೊಡನೆ ಅರ್ಧ ಗಂಟೆಗೆ ಮೊಟಕುಗೊಳಿಸಿದೆವು. ಕೆಲಸವೇನೂ ನಿಲ್ಲಲಿಲ್ಲ, ಭಾಷಣಗಳು ಮಾತ್ರ ಕಡಮೆಯಾದವು.

ಕಳೆದ ಬೇಸಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದಿದ್ದಾಗ ಶೆಟ್ಟಿಹಳ್ಳಿಗೆ ಹೋಗಿದ್ದೆ. ಛಾಯಾಚಿತ್ರ ತೆಗೆಯಲು ಬಂದ ಪಟ್ಟಣದ ಯುವಕರು ಒಂದು ಕಡೆ. ಇನ್ನೊಂದು ಕಡೆ, ಛಾವಣಿಯಿಲ್ಲದ ದೇವಾಲಯದ ಗೋಡೆಯ ನೆರಳಿನಲ್ಲಿ, ಮೂರು ತಲೆಮಾರಿನ ಒಂದು ಸಂಸಾರ ಕುಳಿತು ಬುತ್ತಿ ಬಿಚ್ಚಿತ್ತು. ಮುದುಕರೊಬ್ಬರು ಒಣಗಿ ಬಿರುಕುಬಿಟ್ಟ ಕೆಸರಿನ ಕಡೆ ಕೈ ತೋರಿ, ನಮ್ಮ ಹಜಾರ ಅಲ್ಲಿ, ಕೊಟ್ಟಿಗೆ ಇಲ್ಲಿ ಎಂದು ಮೊಮ್ಮಕ್ಕಳಿಗೆ ವಿವರಿಸುತ್ತಿದ್ದರು. ಚಿಕ್ಕ ಹುಡುಗಿ ಎದ್ದು ಹೋಗಿ ಅವರು ತೋರಿಸಿದ ಜಾಗದಲ್ಲಿ ಕುಳಿತು, ಊಟದ ತಟ್ಟೆಯನ್ನು ಅಲ್ಲಿಗೇ ತರುವಂತೆ ಅವ್ವನನ್ನು ಕೂಗಿದಳು.